ಬರಿತಲೆಯವರ ದೇಶದಲ್ಲಿ ಜಮೇದಾರ

೧ ಫೆಬ್ರವರಿ ೧೯೫೪, ಸೋಮವಾರ. ಚಾಮರಾಜನಗರ

ಶನಿವಾರ ನೌಕರಿ ಮುಗಿಸಿ, ಡವಾಲಿ ಒಪ್ಪಿಸಿ ಬಂದೆ. ಹೆಗಲಿನಿಂದ ಸೊಂಟಕ್ಕೆ ಇಳಿಯುವ ಕೆಂಪು ಪಟ್ಟಿ, ಅದರ ನಡುವೆ ಅಂಗೈಯಗಲದ ಹಿತ್ತಾಳೆ ಬಿಲ್ಲೆ. ಪ್ರತಿ ಸೋಮವಾರ ಹುಣಸೆಹಣ್ಣು, ಬೂದಿ ಹಾಕಿ ಆ ಬಿಲ್ಲೆಯನ್ನು ನಾನೇ ತಿಕ್ಕುತ್ತಿದ್ದೆ. ಇವತ್ತೂ ಅಭ್ಯಾಸಬಲದಿಂದ ಹುಣಸೆಹಣ್ಣು ನೆನೆಹಾಕಿಬಿಟ್ಟೆ. ಚಿಕ್ಕಬಸಮ್ಮ ನೋಡಿ, "ನೆಂದದ್ದ ಯಾಕೆ ದಂಡ ಮಾಡೀರಿ, ಸಾರಿಗಾಯ್ತದೆ, ಕೊಡಿ" ಎಂದು ಇಸಿದುಕೊಂಡು ಹೋದಳು. ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಒಂದು ದುಃಖವನ್ನಾದರೂ ಅವಳು ಸಾರಿಗೆ ಹಾಕದೆ ಬಿಟ್ಟದ್ದಿಲ್ಲ.

ಅಮಲ್ದಾರರ ಕಚೇರಿಯ ಜಮೇದಾರ ಮರಿಮಲ್ಲಪ್ಪ ಎಂದರೆ ತಾಲ್ಲೂಕಿಗೆಲ್ಲ ಗೊತ್ತು. ಬಾಗಿಲಲ್ಲಿ ನಿಂತ ನನ್ನನ್ನು ದಾಟದೆ ಒಳಗಿನ ಅಮಲ್ದಾರರನ್ನು ಕಂಡವರಿಲ್ಲ. ನನಗೊಂದು ವಿದ್ಯೆ ಒಲಿದಿತ್ತು. ಮನುಷ್ಯ ಇನ್ನೂ ಬೀದಿಯ ಆ ತುದಿಯಲ್ಲಿರುವಾಗಲೇ ಅವನ ತಲೆ ನೋಡಿ ಇಂಥವನು ಎಂದು ಹೇಳಿಬಿಡುತ್ತಿದ್ದೆ. ಜರಿ ಪೇಟ ಬಂದರೆ ನೆಟ್ಟಗೆ ನಿಂತು ಸಲಾಮು. ಬಿಳಿ ರುಮಾಲಿಗೆ ಕೈಮುಗಿದರೆ ಸಾಕು. ಟೋಪಿಯಾದರೆ ಯಾವ ಇಲಾಖೆಯದು ಎಂದು ನೋಡಿಕೊಂಡು ಮುಂದಿನ ಮಾತು. ಬರಿತಲೆಯಲ್ಲಿ ಬಂದವನಿಗೆ ಜಗಲಿ. ಈ ಲೆಕ್ಕ ಒಮ್ಮೆಯೂ ತಪ್ಪಲಿಲ್ಲ.

ಬೀಳ್ಕೊಡುವಾಗ ಶಿರಸ್ತೇದಾರರು ಒಂದು ಹಾರ, ಒಂದು ನಿಂಬೆಹಣ್ಣು, ಈ ಡೈರಿ ಕೊಟ್ಟರು. ಹಾರ ಬಾಡಿತು, ನಿಂಬೆಹಣ್ಣು ಉಪ್ಪಿನಕಾಯಿ ಜಾಡಿಗೆ ಹೋಯಿತು. ಉಳಿದದ್ದು ಇದೊಂದೇ, ಅದಕ್ಕೆ ಬರೆಯುತ್ತಿದ್ದೇನೆ.

೯ ಫೆಬ್ರವರಿ, ಮಂಗಳವಾರ

ಅರಿಶಿನದ ವ್ಯಾಪಾರಿ ರಂಗನಾಯಕ ಸುಲ್ತಾನ್ ಬತ್ತೇರಿಯಿಂದ ಬಂದವನು ನೇರ ನಮ್ಮ ಮನೆಗೇ ಬಂದ. ಮುಖ ನೋಡಿದಾಗಲೇ ಒಳ್ಳೆಯ ಸುದ್ದಿಯಲ್ಲ ಎಂದುಕೊಂಡೆ.

ನಮ್ಮ ಕಿರಿಯ ಮಗಳು ಮಂಗಮ್ಮ ಮಲೆಯಾಳ ದೇಶದ ಒಂದು ಕಾಫಿ ತೋಟದಲ್ಲಿದ್ದಾಳೆ. ಅಳಿಯ ಶಿವಣ್ಣ ಅಲ್ಲಿ ಲೆಕ್ಕ ಬರೆಯುವ ರೈಟರು. ಮಂಗಿಗೆ ಚೊಚ್ಚಲು. ಏಳು ತಿಂಗಳಿಗೆ ಕರೆತಂದು ಬಿಡುತ್ತೇನೆ ಎಂದಿದ್ದ ಶಿವಣ್ಣ ಬಂದಿರಲಿಲ್ಲ. ಈಗ ಕಾರಣ ತಿಳಿಯಿತು. ತೋಟದ ಕೂಲಿಯವರು ಇರುವ ಲೈನು ಮನೆಗಳಲ್ಲಿ ಸಿಡುಬು ಎದ್ದಿದೆ. ಬತ್ತೇರಿಯ ಹೆಲ್ತ್ ಇನ್ಸ್‌ಪೆಕ್ಟರು ಚೀಟಿ ಕೊಡದೆ ಆ ತೋಟದವರನ್ನು ಗಡಿ ದಾಟಿಸುತ್ತಿಲ್ಲ. ಮಂಗಿಗೆ ಆಗಲೇ ಎಂಟು ತುಂಬಿದೆ.

ಚಿಕ್ಕಬಸಮ್ಮ ಕೇಳುತ್ತಲೇ ಟ್ರಂಕು ತೆಗೆದಳು. "ಬಾಣಂತನ ನನ್ನ ಕೈಯಾಗೇ ಆಗ್ಬೇಕು. ಇಲ್ಲಿಗಂಟ ಬರಕ್ಕಾಗ್ದಿದ್ರೆ ಗುಂಡ್ಲುಪೇಟೆಲಿ ನನ್ ತಮ್ಮನ ಮನೆ ಅದೆ, ಸೂಲಗಿತ್ತಿ ಸಣ್ಣಮ್ಮ ಅವ್ಳೆ. ಆ ಕಾಡಲ್ಲಿ ಯಾರವ್ರೆ ಅವ್ಳಿಗೆ? ಇನ್ನೊಂದ್ಸಲ ಬಾಗ್ಲಲ್ಲಿ ನಿಂತು ಅಳಕ್ಕೆ ನನ್ ಕೈಲಾಗದಿಲ್ಲ" ಎಂದಳು.

ನಮ್ಮ ಹಿರಿಯ ಮಗಳು ಗಂಡನ ಊರಿನಲ್ಲಿ ಹೆರಿಗೆಗೆ ಮಲಗಿದವಳು ಮತ್ತೆ ಏಳಲಿಲ್ಲ. ಸುದ್ದಿ ತಿಳಿದು ನಾವು ಗಾಡಿ ಕಟ್ಟಿಕೊಂಡು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹನ್ನೊಂದು ವರ್ಷವಾಯಿತು. ಮನೆಯಲ್ಲಿ ಈ ಮಾತು ನಾವಿಬ್ಬರೂ ಆಡುವುದಿಲ್ಲ.

ಅಧಿಕಾರಿಯ ಚೀಟಿ ತಾನೆ, ಅದಕ್ಕೆ ನಾನಿದ್ದೇನೆ ಎಂದು ಧೈರ್ಯ ಹೇಳಿದೆ. ಅಧಿಕಾರಿಗಳ ಬಾಗಿಲಲ್ಲೇ ಆಯುಷ್ಯ ಕಳೆದವನಿಗೆ ಒಬ್ಬ ಇನ್ಸ್‌ಪೆಕ್ಟರು ಯಾವ ಲೆಕ್ಕ.

೧೧ ಫೆಬ್ರವರಿ, ಗುರುವಾರ. ಗುಂಡ್ಲುಪೇಟೆ

ಭಾವಮೈದ ಪುಟ್ಟಮಲ್ಲಪ್ಪನ ಮನೆಯಲ್ಲಿ ಇಳಿದಿದ್ದೇವೆ. ಊಟಕ್ಕೆ ಕೂತಾಗ ಅವನಿಗೆ ತಲೆ ನೋಡಿ ಮನುಷ್ಯನನ್ನು ಅಳೆಯುವ ಕ್ರಮ ವಿವರಿಸಿದೆ. ಅವನು ವೀಳ್ಯದೆಲೆ ಬೆಳೆದು ಆ ಕಡೆಗೂ ಕಳಿಸುವವನು, ಎರಡು ತಿಂಗಳಿಗೊಮ್ಮೆ ಬತ್ತೇರಿಗೆ ಹೋಗಿ ಬರುತ್ತಾನೆ.

"ಬಾವ, ಅಲ್ಲಿ ಯಾರೂ ತಲೆ ಮ್ಯಾಲೆ ಏನೂ ಇಕ್ಕದಿಲ್ಲ. ದೊಡ್ಡವ್ರು ಚಿಕ್ಕವ್ರು ಎಲ್ಲಾ ಬರಿತಲೆ. ನಿಮ್ ಲೆಕ್ಕ ಅಲ್ಲಿ ನಡೆಯಾಕಿಲ್ಲ" ಎಂದ.

"ದೇಶ ಬೇರೆಯಾದರೆ ಸರ್ಕಾರ ಬೇರೆಯೇ? ಅಧಿಕಾರಿ ಅಂದಮೇಲೆ ಗುರುತು ಇದ್ದೇ ಇರುತ್ತದೆ" ಎಂದೆ.

"ಇರ್ತದೆ ಬುಡಿ. ನಿಮ್ಗೆ ಕಾಣ್ಬೇಕಲ್ಲ" ಎಂದು ಮಜ್ಜಿಗೆ ಸುರಿದುಕೊಂಡ. ಎಲೆ ಮಾರುವವನಿಗೆ ಸರ್ಕಾರದ ವಿಷಯ ಏನು ತಿಳಿಯಬೇಕು.

೧೨ ಫೆಬ್ರವರಿ, ಶುಕ್ರವಾರ. ಸುಲ್ತಾನ್ ಬತ್ತೇರಿ

ಖಾಕಿ ಕೋಟು ಹಾಕಿ, ಇಸ್ತ್ರಿ ಮಾಡಿದ ರುಮಾಲು ಸುತ್ತಿ ಹೊರಟೆ. ಕಚೇರಿಯವರು ಡವಾಲಿ ವಾಪಸು ತೆಗೆದುಕೊಂಡರೂ ಕೋಟು ಬಿಟ್ಟಿದ್ದಾರೆ. ಬಸ್ಸಿನಲ್ಲಿ ಚಿಕ್ಕಬಸಮ್ಮ ಗೋಪಾಲಸ್ವಾಮಿ ಬೆಟ್ಟದ ಕಡೆಗೆ ಕೈಮುಗಿದು ಏನೋ ಬೇಡಿಕೊಂಡಳು. ನಮಗೆ ಮಾದಪ್ಪನೇ ಸಾಕಲ್ಲ ಎಂದೆ. "ಇರ್ಲಿ, ಮಕ್ಕಳ ವಿಚಾರ ಈ ದೇವ್ರಿಗೇ ಚೆನ್ನಾಗಿ ಗೊತ್ತು" ಎಂದಳು.

ಗಡಿಯ ಆಚೆ ಬಸ್ಸು ನಿಲ್ಲಿಸಿದರು. ಆ ಸೀಮೆಯಲ್ಲಿ ಹೆಂಡ ಸಾರಾಯಿ ನಿಷೇಧ, ಆದ್ದರಿಂದ ನಮ್ಮ ಕಡೆಯಿಂದ ಹೋಗುವವರ ಗಂಟುಮೂಟೆ ಬಿಚ್ಚಿಸುತ್ತಾರೆ. ಬಂದವನನ್ನು ನೋಡಿ ನನಗೆ ಗಾಬರಿಯಾಯಿತು. ಪೊಲೀಸಿನವನು, ಆದರೆ ಮೊಣಕಾಲು ಕಾಣುವ ಚಡ್ಡಿ. ಚಡ್ಡಿಯ ಪೊಲೀಸಿಗೆ ಸಲಾಮು ಹೊಡೆಯಬೇಕೋ ಬೇಡವೋ ಎಂದು ನಾನು ಯೋಚಿಸುತ್ತಿರುವಾಗಲೇ ಅವನು ಬಾಣಂತಿಗೆಂದು ತಂದಿದ್ದ ಔಡಲೆಣ್ಣೆ ಸೀಸೆ ತೆಗೆದು ಮೂಸಿ ಮುಖ ಕಿವುಚಿದ. ಚಿಕ್ಕಬಸಮ್ಮ, "ಬೇಕಾದ್ರೆ ಒಂದ್ ಗುಟುಕು ಕುಡೀಲಿ ಅನ್ನಿ, ಹೊಟ್ಟೆ ಕಿಲೀನಾಯ್ತದೆ" ಎಂದಳು. ನಾನು ಸಲಾಮು ಹೊಡೆದು ಅವಳ ಬಾಯಿ ಮುಚ್ಚಿಸಿದೆ.

ಬತ್ತೇರಿಯಲ್ಲಿ ಇಳಿದರೆ ಪುಟ್ಟಮಲ್ಲಪ್ಪ ಹೇಳಿದ್ದು ನಿಜ. ಬೀದಿಯ ತುಂಬ ಬರಿತಲೆಗಳೇ. ಬಸ್ಸಿನ ಪಕ್ಕದಲ್ಲಿ ಒಬ್ಬ ಪಂಚೆ ಮಡಚಿ ಕಟ್ಟಿಕೊಂಡು ಸೈಕಲ್ಲು ಹಿಡಿದು ನಿಂತಿದ್ದ. ಕಾಲೆಲ್ಲ ಧೂಳು. "ಏಯ್, ಬಾರಪ್ಪ ಇಲ್ಲಿ. ಈ ಟ್ರಂಕು ಎತ್ತು. ಮೆಲ್ಲಗೆ, ಒಳಗೆ ಸೀಸೆ ಇದೆ" ಎಂದೆ. ಅವನು ಒಂದು ಗಳಿಗೆ ನನ್ನ ರುಮಾಲು ನೋಡಿದ, ಚಿಕ್ಕಬಸಮ್ಮನನ್ನು ನೋಡಿದ, ಟ್ರಂಕನ್ನು ಸೈಕಲ್ಲಿನ ಹಿಂದೆ ಇಟ್ಟುಕೊಂಡು ತೋಟದ ಲಾರಿ ಬರುವ ಟೀ ಅಂಗಡಿಯವರೆಗೆ ತಳ್ಳಿಕೊಂಡು ಬಂದ. ಎರಡಾಣೆ ಕೊಟ್ಟೆ, ಬೇಡ ಎಂದ. ಇನ್ನೊಂದಾಣೆ ಸೇರಿಸಿದೆ. ಕೈಮುಗಿದು ಹೊರಟೇಹೋದ.

"ಕೂಲಿಯವ್ನ ಉಗುರು ಅಷ್ಟು ಚೊಕ್ಕಟ ಇರ್ತದಾ?" ಎಂದಳು ಇವಳು.

ತಲೆ ನೋಡುವುದು ಬಿಟ್ಟು ಉಗುರು ನೋಡಿಕೊಂಡು ಕೂತರೆ ಲೋಕದ ವ್ಯವಹಾರ ನಡೆಯುವುದು ಹೇಗೆ.

೧೩ ಫೆಬ್ರವರಿ, ಶನಿವಾರ. ತೋಟ

ಮಂಗಿ ಬಾಗಿಲಿಗೆ ಬಂದವಳು ಅವ್ವನನ್ನು ಕಂಡು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು. ಮುಖ ಸೊರಗಿ ಇಷ್ಟಾಗಿದೆ, ಕಾಲು ಬಾತಿದೆ. "ಅಪ್ಪಯ್ಯ, ನೀವು ಬರಾಕಿಲ್ಲ ಅಂದ್ಕಂಡಿದ್ದೆ" ಎಂದಳು. ನಾನು ರುಮಾಲು ಸರಿಮಾಡಿಕೊಂಡೆ.

ಶಿವಣ್ಣನ ಮನೆ ತೋಟದ ಆಫೀಸಿನ ಪಕ್ಕದಲ್ಲಿದೆ. ಕೂಲಿ ಲೈನು ಹಳ್ಳದ ಆಚೆ, ನಡುವೆ ದಾಟಲು ಒಂದೇ ಹಲಗೆ. ಆಚೆಯ ಮೂರು ಬಾಗಿಲುಗಳಿಗೆ ಬೇವಿನ ಸೊಪ್ಪು ಕಟ್ಟಿದೆ. ರಜ ಇಲ್ಲದ್ದರಿಂದ ಶಿವಣ್ಣನಿಗೆ ಬತ್ತೇರಿಗೆ ಹೋಗಲಾಗಿಲ್ಲ. "ಇನ್ಸ್‌ಪೆಕ್ಟ್ರು ನಂಬಿಯಾರ್ ಅಂತ ಮಾವ. ನೋಡಾಕೆ ಹೆಂಗವ್ರೆ ಅಂತ ಹೇಳ್ತೀನಿ" ಎಂದ.

ಅಧಿಕಾರಿಯ ಗುರುತು ನನಗೆ ಇವನು ಹೇಳಿಕೊಡುವುದು. ಬೇಡಪ್ಪ ಎಂದೆ.

೧೫ ಫೆಬ್ರವರಿ, ಸೋಮವಾರ

ಕೆಲಸ ಗೆದ್ದ ಹಾಗೆಯೇ. ಬತ್ತೇರಿ ಪೇಟೆಯಲ್ಲಿ ಕಾಲಿಟ್ಟ ಅರ್ಧ ಗಂಟೆಯಲ್ಲಿ ಅಧಿಕಾರಿ ಕಣ್ಣಿಗೆ ಬಿದ್ದರು. ಇಡೀ ಊರಿನ ಬರಿತಲೆಗಳ ನಡುವೆ ಒಂದೇ ಒಂದು ಟೋಪಿ. ಮುಂದೆ ಕಪ್ಪು ಅಂಚು, ಮೇಲೆ ಚಿನ್ನದ ದಾರ. ಕೆಂಪು ಕೋಟು, ಎರಡೂ ಹೆಗಲಿಗೆ ಜರಿಯ ಕುಚ್ಚು, ಎರಡು ಸಾಲು ಗುಂಡಿ. ನಮ್ಮ ಅಮಲ್ದಾರರಿಗೂ ಅಂಥ ಕೋಟು ಇಲ್ಲ.

ಬರಿಗೈಯಲ್ಲಿ ಹೋಗಬಾರದೆಂದು ಪುಟ್ಟಮಲ್ಲಪ್ಪ ಕೊಟ್ಟಿದ್ದ ವೀಳ್ಯದೆಲೆಯ ಕಟ್ಟು, ಅಡಿಕೆ, ತೆಂಗಿನಕಾಯಿ ತಟ್ಟೆಯಲ್ಲಿಟ್ಟು ಎರಡು ಕೈಯಿಂದ ಒಪ್ಪಿಸಿದೆ. ಬಹಳ ಸಂತೋಷದಿಂದ ಸ್ವೀಕರಿಸಿದರು. ಭಾಷೆ ತೊಡಕಾಯಿತು. ಹೊಟ್ಟೆಯ ಮುಂದೆ ಕೈ ದುಂಡಗೆ ಮಾಡಿ ಮಗಳು, ಚೊಚ್ಚಲು ಎಂದು ತಿಳಿಸಿದೆ. ತಲೆಯಾಡಿಸಿ ನಕ್ಕರು. "ಎವಿಡೆ?" ಎಂದರು, ಎಲ್ಲಿ ಎಂದು. ತೋಟದ ಹೆಸರು, ಶಿವಣ್ಣನ ಮನೆ ಎಲ್ಲ ಹೇಳಿದೆ. ನಾಳೆ ತಾವೇ ಬರುವುದಾಗಿ ಸನ್ನೆ ಮಾಡಿದರು. ಅಷ್ಟು ದೊಡ್ಡ ಮನುಷ್ಯರು ಮನೆಗೇ ಬರುತ್ತೇನೆ ಎಂದದ್ದು ಕೇಳಿ ಕಣ್ಣು ತುಂಬಿ ಬಂತು.

ಮನೆಗೆ ಬಂದು ಹೇಳಿದರೆ ಶಿವಣ್ಣ, "ಕೆಂಪು ಕೋಟಾ ಮಾವ?" ಎಂದು ಎರಡು ಸಲ ಕೇಳಿದ. ಹುಡುಗನಿಗೆ ನಂಬಿಕೆ ಕಡಿಮೆ.

೧೬ ಫೆಬ್ರವರಿ, ಮಂಗಳವಾರ

ಬರೆಯಬಾರದು ಎಂದುಕೊಂಡಿದ್ದೆ. ಬರೆಯದಿದ್ದರೆ ನಿದ್ದೆ ಬರುವ ಹಾಗೆ ಕಾಣುವುದಿಲ್ಲ.

ಹನ್ನೊಂದರ ಹೊತ್ತಿಗೆ ಅಧಿಕಾರಿ ಬಂದರು. ಹಿಂದೆ ಅದೇ ಕೆಂಪು ಕೋಟಿನ ಇನ್ನೂ ಐವರು. ಒಬ್ಬನ ಹೊಟ್ಟೆಯ ಮೇಲೆ ದೊಡ್ಡ ಡೋಲು. ಅಧಿಕಾರಿ ಚೀಲದಿಂದ ಕೊಳಲಿನಂಥದ್ದೊಂದು ಕಪ್ಪು ವಾದ್ಯ ತೆಗೆದು ತುಟಿಗಿಟ್ಟರು. ಮದುವೆಯ ಬ್ಯಾಂಡಿನವರು! ನಮ್ಮಲ್ಲಿ ಓಲಗದವರಿಗೆ ವೀಳ್ಯ ಕೊಟ್ಟರೆ ಹೇಗೋ ಇಲ್ಲಿಯೂ ಹಾಗೆಯೇ. ನಾನು ನಿನ್ನೆ ತಟ್ಟೆಯಲ್ಲಿಟ್ಟು ಒಪ್ಪಿಸಿದ್ದು ಬಸುರಿಯ ಸೀಮಂತಕ್ಕೆ ಬ್ಯಾಂಡ್ ಗೊತ್ತುಮಾಡುವ ವೀಳ್ಯ.

ಡೋಲು ಬಡಿದದ್ದೇ ತಡ, ಮಂಗಿ ಬಾಗಿಲ ಕಂಬ ಹಿಡಿದುಕೊಂಡು ನಕ್ಕಳು. ಬಂದಾಗಿನಿಂದ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ. ಚಿಕ್ಕಬಸಮ್ಮ ಮಗಳ ಕೈಗೆ ಹಸಿರು ಬಳೆ ತೊಡಿಸಿ, "ಸೀಮಂತ ಆಗ್ದೇ ಓಯ್ತಲ್ಲ ಅಂತ ಕೊರಗ್ತಿದ್ದೆ, ನಿಮ್ಮಪ್ಪ ಮಾಡಿಸ್ಬುಟ್ರು ಬುಡವ್ವ" ಎಂದಳು. ಆಮೇಲೆ ಹಳ್ಳದ ಆಚೆಯ ಜನ ಗುಂಪು ಸೇರುವುದು ಕಂಡು, ಪೊರಕೆ ಹಿಡಿದು ಹಲಗೆಯ ಕಡೆ ಓಡಿದಳು.

ಎರಡನೆಯ ಹಾಡು ಮುಗಿಯುವಷ್ಟರಲ್ಲಿ ಆ ಟ್ರಂಕಿನವನು ಹಳ್ಳದ ಕಡೆಯಿಂದ ಬಂದ. ಪಂಚೆ, ಕೈಕಾಲು ಎಲ್ಲ ಒದ್ದೆ. ಬಂದವನೇ ಬ್ಯಾಂಡಿನವರಿಗೆ ಕೈ ಮಾಡಿ ನಿಲ್ಲಿಸಿದ. ನನಗೆ ಮೊದಲೇ ಮೈಯೆಲ್ಲ ಉರಿಯುತ್ತಿತ್ತು. "ಏಯ್, ನಿಲ್ಲಿಸೋಕೆ ನೀನ್ಯಾರು? ಹೊರುವ ಕೆಲಸ ಇದ್ದರೆ ನಾನೇ ಕರೆಯುತ್ತೇನೆ, ಹೋಗು" ಎಂದೆ.

ಶಿವಣ್ಣನ ಮುಖ ಬಿಳಿಚಿಕೊಂಡಿತು. "ಮಾವ, ಇವ್ರೇ ನಂಬಿಯಾರ್ ಸಾಹೇಬ್ರು."

ಅವರು ನನ್ನ ಕಡೆ ತಿರುಗಿ ಪುಸ್ತಕದ ಕನ್ನಡದಲ್ಲಿ, "ಟ್ರಂಕು ತುಂಬಾ ಭಾರ ಇತ್ತು ಮಾರಾಯರೇ. ಇವತ್ತು ಏನು ಹೊರಬೇಕು?" ಎಂದರು. ಕಾಸರಗೋಡಿನ ಕಡೆ ನಾಲ್ಕು ವರ್ಷ ಇದ್ದರಂತೆ. ನಾನು ಬಸ್ಸಿನ ಹತ್ತಿರ ಆಡಿದ ಒಂದೊಂದು ಮಾತೂ ಅವರಿಗೆ ಅರ್ಥವಾಗಿತ್ತು.

ಜನ ಸೇರಿಸಬಾರದೆಂದು ಹೇಳಿ ಬ್ಯಾಂಡಿನವರನ್ನು ಕಳಿಸಿದರು. ಚೀಟಿಯ ಮಾತೆತ್ತಿದ ಶಿವಣ್ಣನಿಗೆ, ರೋಗ ನಿಂತು ಎರಡು ವಾರ ಕಳೆಯದೆ ಈ ತೋಟದ ಯಾರನ್ನೂ ಗಡಿ ದಾಟಿಸುವಂತಿಲ್ಲ ಎಂದು ಹೇಳಿ ಸೈಕಲ್ಲು ಹತ್ತಿದರು. ಎರಡು ವಾರ ಕಾಯುವಷ್ಟು ಸಮಯ ಮಂಗಿಗೆ ಇಲ್ಲ. ಬ್ಯಾಂಡ್ ತರಿಸಿ ಇದ್ದ ಬಾಗಿಲನ್ನೂ ನಾನೇ ಹಾಕಿಸಿದೆ.

೧೭ ಫೆಬ್ರವರಿ, ಬುಧವಾರ

ಬೆಳಗ್ಗೆಯೇ ಬತ್ತೇರಿಗೆ ಹೋದೆ. ಅವರ ಆಫೀಸೆಂದರೆ ಒಂದು ಹೆಂಚಿನ ಕೋಣೆ. ಬಾಗಿಲಲ್ಲಿ ಜವಾನನಿಲ್ಲ. ಯಾರ ಮೂಲಕ ಹೇಳಿ ಕಳಿಸುವುದು ಎಂದು ತಿಳಿಯದೆ ಸುಮ್ಮನೆ ಒಳಗೆ ಹೋದೆ. ಬಾಗಿಲಲ್ಲಿ ಒಬ್ಬರೂ ತಡೆಯದಿದ್ದರೆ ಕಾಲಿಗೆ ಎಷ್ಟು ದಾರಿ ಉಳಿಯುತ್ತದೆ.

ಇನ್ನು ಈತ ಸೇಡು ತೀರಿಸಿಕೊಳ್ಳದೆ ಬಿಡುವುದಿಲ್ಲ ಎಂದುಕೊಂಡಿದ್ದೆ. ನಾನು ಕಂಡ ಅಧಿಕಾರಿಗಳಾಗಿದ್ದರೆ ಇಂಥ ತಪ್ಪಿಗೆ ಒಂದು ವಾರ ಜಗಲಿಯಲ್ಲಿ ನಿಲ್ಲಿಸುತ್ತಿದ್ದರು. ಇವರು ಕುರ್ಚಿ ತೋರಿಸಿದರು. ಕೂತೆ. ನನ್ನ ಜನ್ಮದಲ್ಲಿ ಅಧಿಕಾರಿಯ ಎದುರು ಕೂತದ್ದು ಅದೇ ಮೊದಲು.

ತಪ್ಪಾಯಿತು ಎಂದೆ. "ಅದು ಬಿಡಿ. ನಿಯಮ ನಿಯಮವೇ" ಎಂದರು.

ಬೇರೆ ದಿನವಾಗಿದ್ದರೆ ಅಪ್ಪಣೆ ಎಂದು ಕೈಮುಗಿದು ಎದ್ದು ಬರುತ್ತಿದ್ದೆ. ಇವತ್ತು ಏಳಲಿಲ್ಲ. ಏನು ಮಾತಾಡಿದೆ ಎಂದು ಪೂರ್ತಿ ನೆನಪಿಲ್ಲ. ಹಿರಿಯ ಮಗಳ ಸಂಗತಿ ಹೇಳಿದೆ. ಮನೆಯಾಚೆ ಯಾರಿಗೂ ಹೇಳಿದವನಲ್ಲ. ಆ ಊರಿನ ಬಾಗಿಲಲ್ಲಿ ನಾನು ಚಿಕ್ಕಬಸಮ್ಮನನ್ನು ಹಿಡಿದುಕೊಂಡು ನಿಂತಿದ್ದೆ, ಒಳಗಿನಿಂದ ಯಾರೋ ಬಂದು ಮಗಳ ಬಳೆಗಳನ್ನು ನನ್ನ ಕೈಗೆ ಕೊಟ್ಟರು ಎಂದೆ. ಮಂಗಿಯ ಮನೆ ಹಳ್ಳದ ಈಚೆ, ಬಾವಿ ಬೇರೆ, ದಾರಿ ಬೇರೆ, ನೀವೇ ಬಂದು ನೋಡಿ ಎಂದೆ. ನಿಯಮ ಮಾಡಿದವರು ಆ ಹಳ್ಳ ನೋಡಿಲ್ಲ, ನೀವು ನೋಡಿದ್ದೀರಿ ಎಂದೆ. ನೋಡಿಯೂ ಬಿಡಲಾಗದಿದ್ದರೆ ಅದನ್ನು ನನಗಲ್ಲ, ಮಂಗಿಯ ಅವ್ವನಿಗೆ ನೀವೇ ಹೇಳಬೇಕು ಎಂದೆ.

ಕೊನೆಯ ಮಾತಿಗೆ ಅವರು ನಕ್ಕರು. "ನಿಮ್ಮ ಹೆಂಡತಿ ನಿನ್ನೆ ನನ್ನನ್ನೇ ಹಲಗೆಯ ಮೇಲೆ ತಡೆದರು, ಮಾರಾಯರೇ. ಸಿಡುಬಿನ ಮನೆಯಿಂದ ಬಂದವನ ಹಾಗೆ ಕಾಣ್ತೀಯ, ಹಳ್ಳದಲ್ಲಿ ಕೈಕಾಲು ತೊಳಿ, ಇಲ್ಲದಿದ್ದರೆ ಪೊರಕೆ ಅಂದರು. ಆಚೆಯ ಒಬ್ಬನನ್ನೂ ದಾಟಲು ಬಿಡಲಿಲ್ಲ. ನನ್ನ ಆಳುಗಳು ಅಷ್ಟು ಮಾಡಿದ್ದರೆ ರೋಗ ಯಾವಾಗಲೋ ನಿಲ್ಲುತ್ತಿತ್ತು."

ನಾಳೆ ಬಂದು ನೋಡುತ್ತೇನೆ ಎಂದಿದ್ದಾರೆ. ಚಿಕ್ಕಬಸಮ್ಮನಿಗೆ ಪೊರಕೆಯ ಮಾತು ಕೇಳಿದರೆ, "ನಾನೇನ್ ಕಂಡೆ ಅವ್ರು ಇನ್‌ಸ್ಪೆಟ್ರು ಅಂತ. ಯಾರಾದ್ರೂ ಅಷ್ಟೆಯ" ಎಂದಳು.

೧೮ ಫೆಬ್ರವರಿ, ಗುರುವಾರ

ನಂಬಿಯಾರ್ ಬಂದರು. ಬಾವಿ ನೋಡಿದರು, ದಾರಿ ನೋಡಿದರು. ಮಂಗಿಯ ತೋಳಿನಲ್ಲಿ ಚಿಕ್ಕಂದಿನಲ್ಲಿ ಸಿಡುಬು ಬಾರದಿರಲೆಂದು ದಾಕು ಹಾಕಿಸಿದ ಗುರುತುಗಳನ್ನು ಬೆಳಕಿಗೆ ಹಿಡಿದು ನೋಡಿದರು. ಜ್ವರವಿಲ್ಲ. ಅಲ್ಲೇ ಜಗಲಿಯ ಮೇಲೆ ಕೂತು ಚೀಟಿ ಬರೆದು, ಮುದ್ರೆ ಒತ್ತಿ, ದಾರಿಯಲ್ಲಿ ಎಲ್ಲೂ ತಂಗದೆ ನೇರ ಮನೆ ಸೇರಬೇಕು ಎಂದು ಎರಡು ಸಲ ಹೇಳಿದರು. ಚಿಕ್ಕಬಸಮ್ಮ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕೊಟ್ಟಳು. ಎರಡು ತಿಂದರು.

ಹೋಗುವಾಗ ಅವರ ಸೈಕಲ್ಲನ್ನು ದಿಬ್ಬ ಹತ್ತುವವರೆಗೆ ನಾನೇ ತಳ್ಳಿಕೊಂಡು ಹೋದೆ. ಬೇಡ ಎಂದರು. ಟ್ರಂಕಿಗೆ ಇದು ಸರಿಹೋಯಿತು ಎಂದೆ. ಬಹಳ ಒಳ್ಳೆಯ ಮನುಷ್ಯ.

೧೯ ಫೆಬ್ರವರಿ, ಶುಕ್ರವಾರ. ಗುಂಡ್ಲುಪೇಟೆ

ಬಂದು ಸೇರಿದೆವು.

ಕಾಡಿನ ನಡುವೆ ಒಂಟಿ ಸಲಗ ರಸ್ತೆಗೆ ಅಡ್ಡ ನಿಂತು ಬಸ್ಸು ಬಹಳ ಹೊತ್ತು ನಿಂತಿತು. ಅಲ್ಲೇ ಮಂಗಿಗೆ ನೋವು ಶುರುವಾಯಿತು. ಕೋಟನ್ನು ಮಡಚಿ ಬೆನ್ನಿಗಿಟ್ಟೆ. ಸಾಲದೆ ರುಮಾಲು ಬಿಚ್ಚಿದೆ, ಚಿಕ್ಕಬಸಮ್ಮ ಅದನ್ನು ಅವಳ ಸೊಂಟಕ್ಕೆ ಬಿಗಿಯಾಗಿ ಸುತ್ತಿದಳು. ಆನೆ ದಾರಿ ಬಿಟ್ಟಿತು. ನಮ್ಮ ಕಡೆಯ ಗೇಟಿನವನು ಬಿಡಲಿಲ್ಲ.

ಗೇಟೆಂದರೆ ಸಿಡುಬು ಈಚೆಗೆ ಬಾರದಿರಲೆಂದು ರಸ್ತೆಗೆ ಅಡ್ಡ ಹಾಕಿದ ಒಂದು ಬಿದಿರಿನ ಗಳ, ಬುಡಕ್ಕೆ ಕಟ್ಟಿದ ಕಲ್ಲು. ಅಲ್ಲಿ ನಿಂತಿದ್ದವನಿಗೆ ಮಡಿ ಮಾಡಿದ ರುಮಾಲು, ಖಾಕಿ ಕೋಟು, ಹೆಗಲಿನಿಂದ ಇಳಿದ ಕೆಂಪು ಡವಾಲಿ, ಥಳಥಳಿಸುವ ಬಿಲ್ಲೆ. ಚೀಟಿ ಕೊಟ್ಟೆ. ಮುಟ್ಟಿಯೂ ನೋಡಲಿಲ್ಲ. "ಆ ದೇಶದ ಕಾಗ್ದ ಇಲ್ಲಿ ನಡೆಯಾಕಿಲ್ಲ. ಸಾಹೇಬ್ರು ನಾಳಿದ್ದು ಬತ್ತಾರೆ. ಅಲ್ಲೀಗಂಟ ಆ ಶೆಡ್ಡಲ್ಲಿರಿ" ಎಂದು ತಗಡಿನ ಸೂರೊಂದನ್ನು ತೋರಿಸಿದ. ಬಸ್ಸಿನೊಳಗೆ ಮಂಗಿ ಹಲ್ಲು ಕಚ್ಚಿ ನರಳಿದ್ದು ಹೊರಗೆ ಕೇಳಿಸಿತು.

"ಓದಪ್ಪ. ದಾಕು ಆಗಿದೆ, ಜ್ವರ ಇಲ್ಲ, ಬಿಡಬಹುದು ಅಂತ ಬರೆದಿದೆ, ಮುದ್ರೆ ಇದೆ. ಚೀಟಿ ಇದ್ದವರನ್ನು ತಡೆಯೋಕೆ ನಿನಗೆ ಹೇಳಿದವರು ಯಾರು?"

"ನೀನ್ಯಾವನಯ್ಯ ಕೇಳಾಕೆ? ಬರಿತಲೇಲಿ ಬಂದು ಸರ್ಕಾರದ ಗೇಟಲ್ಲಿ ಕಾನೂನು ಮಾತಾಡ್ತೀಯ?"

"ಅವಳ ಅಪ್ಪ" ಎಂದೆ.

ಅವನು ಬಿಲ್ಲೆ ಸರಿಮಾಡಿಕೊಂಡ. ಆ ಕೈ ಎಲ್ಲಿಗೆ ಹೋಗುತ್ತದೆ ಎಂದು ನನಗೆ ಗೊತ್ತಿತ್ತು, ನನ್ನದೂ ಅಲ್ಲಿಗೇ ಹೋಗುತ್ತಿತ್ತು. "ಅದನ್ನ ಮೂವತ್ತು ವರ್ಷ ತಿಕ್ಕಿದವನು ನಾನು. ಅದು ಸಾಹೇಬರ ಮಾತನ್ನ ಹೊರಗೆ ತಲುಪಿಸೋಕೆ ಕೊಟ್ಟಿರೋದು ಮಗಾ, ಅವರು ಆಡದ ಮಾತನ್ನ ನೀನು ಆಡೋಕಲ್ಲ. ಕೇಳಿದರೆ ಚಾಮರಾಜನಗರದ ಮರಿಮಲ್ಲಪ್ಪ ಎತ್ತಿದ ಅಂತ ಹೇಳು. ಮಗಳಿಗೆ ನೋವು ಬಂದಿತ್ತು ಅಂತಲೂ ಹೇಳು" ಎಂದು ಗಳದ ಬುಡಕ್ಕೆ ಹೋಗಿ ಕಲ್ಲಿನ ಮೇಲೆ ಮೈಭಾರವೆಲ್ಲ ಹಾಕಿ ಜಗ್ಗಿದೆ. ಗಳ ಕಿರುಗುಟ್ಟಿ ಮೇಲೆದ್ದಿತು. ಡ್ರೈವರು ನನ್ನ ಮುಖ ನೋಡಿದ. "ಓಡ್ಸಪ್ಪ" ಎಂದೆ. ಬಸ್ಸಿನವರೆಲ್ಲ ಹೋ ಎಂದು ಕೂಗಿದರು. ನಾನು ಗಳ ಬಿಟ್ಟು ಓಡಿಹೋಗಿ ಹತ್ತಿಕೊಂಡೆ. ಓಡದೆ ಎಷ್ಟೋ ವರ್ಷವಾಗಿತ್ತು.

ಸಣ್ಣಮ್ಮ ಬಂದಿದ್ದಾಳೆ. ಬಾಗಿಲು ಹಾಕಿದ್ದಾರೆ. ಹಂಡೆಯಲ್ಲಿ ನೀರು ಕಾಯುತ್ತಿದೆ. ಪುಟ್ಟಮಲ್ಲಪ್ಪ ಮಾತಿಗೆ ಎಳೆಯುತ್ತಿದ್ದಾನೆ. ಹಾಕಿದ ಬಾಗಿಲು ನೋಡಲು ನನಗೆ ಆಗುತ್ತಿಲ್ಲ.

೨೦ ಫೆಬ್ರವರಿ, ಶನಿವಾರ

ಹೆಣ್ಣು. ಮುಂಜಾನೆ ಕೋಳಿ ಕೂಗುವ ಹೊತ್ತಿಗೆ. ಮಂಗಿ ಕ್ಷೇಮ. ಒಳಗಿನಿಂದ ಅವಳ ದನಿಯೇ ಕೇಳಿಸಿತು, "ಅವ್ವಾ, ನೀರು ಕೊಡವ್ವ" ಎಂದು.

ಚಿಕ್ಕಬಸಮ್ಮ ಹೊರಗೆ ಬಂದು ನನ್ನ ಪಕ್ಕದಲ್ಲಿ ಕೂತಳು. ಇಬ್ಬರೂ ಚೆನ್ನಾಗಿ ಅತ್ತೆವು. ಆಮೇಲೆ ಅವಳು ಎದ್ದು ಮೆಣಸಿನ ಸಾರಿಗೆ ಹುರಿಯಲು ಹೋದಳು.

೨೫ ಫೆಬ್ರವರಿ, ಗುರುವಾರ

ಮಗುವಿಗೆ ಎಣ್ಣೆ ತಿಕ್ಕಿ ಎರೆಯುವುದನ್ನು ಸಣ್ಣಮ್ಮ ನೋಡಲು ಬಿಡುವುದಿಲ್ಲ. ಅಳು ಮಾತ್ರ ಕೇಳಿಸುತ್ತದೆ. ಗಟ್ಟಿ ಗಂಟಲು, ಅಜ್ಜಿಯದೇ.

ಮಧ್ಯಾಹ್ನ ಸರ್ಕಾರದ ಕಡೆಯವರೊಬ್ಬರು ಬಂದಿದ್ದರು. ಗೇಟಿನವನು ದೂರು ಕೊಟ್ಟಿದ್ದಾನೆ. ಮನೆಯವರೆಲ್ಲ ಹೆದರಿ ಗೋಡೆಗೆ ಸರಿದರು. ತಾಯಿ ಮಗುವನ್ನು ಶೆಡ್ಡಿಗೆ ಸಾಗಿಸುತ್ತಾರೆಂದು ಚಿಕ್ಕಬಸಮ್ಮ ಕೋಣೆಯ ಒಳಗೆ ಹೋಗಿ ಬಾಗಿಲಿಗೆ ಅಡ್ಡ ಕೂತಳು.

"ಗೇಟು ಎತ್ತಿದ್ದು ಯಾರು?" ಎಂದರು.

"ನಾನೇ. ಕುಳಿತುಕೊಳ್ಳಿ" ಎಂದು ಚಾಪೆ ಹಾಕಿದೆ. ಚೀಟಿ ಕೊಟ್ಟೆ. ನಡೆದದ್ದನ್ನು ನಡೆದ ಹಾಗೆಯೇ ಹೇಳಿದೆ. ಅವರು ಚೀಟಿಯನ್ನು ಎರಡು ಸಲ ಓದಿದರು. ಗಳ ಎತ್ತಿದ್ದು ತಪ್ಪು ಎಂದರು. ಹೌದು, ಮತ್ತೆ ಅಂಥದೇ ಬಂದರೆ ಮತ್ತೆ ಎತ್ತುತ್ತೇನೆ ಎಂದೆ. ಅವರು ಚೀಟಿ ಮಡಚಿ ನನ್ನ ಕೈಗೆ ಕೊಟ್ಟು, ಇದು ಸರಿಯಾಗಿದೆ, ಗೇಟಿನವನು ಬಿಡಬೇಕಾಗಿತ್ತು, ಅವನಿಗೆ ತಿಳಿಸುತ್ತೇನೆ ಎಂದರು. ಆದರೆ ಬಾಣಂತಿಯ ತೋಳು ನೋಡದೆ ಹೋಗುವಂತಿಲ್ಲವಂತೆ.

ಹಸಿ ಬಾಣಂತಿ ಕೋಣೆಗೆ ಗಂಡಸನ್ನು ಬಿಡುವುದುಂಟೇ. ನಾನು ಬಿಡುವುದಿಲ್ಲ ಎಂದೆ, ಅವರು ನೋಡಲೇಬೇಕು ಎಂದರು. ಕೊನೆಗೆ ಸಣ್ಣಮ್ಮ ಬಾಗಿಲನ್ನು ನಾಲ್ಕು ಬೆರಳಷ್ಟು ತೆರೆದು ಮಂಗಿಯ ತೋಳನ್ನು ಮಾತ್ರ ಹೊರಗೆ ಹಿಡಿದಳು. ಅವರು ಬಗ್ಗಿ ನೋಡಿ, ಸರಿ ಎಂದರು. ಅದರ ಪಕ್ಕದಲ್ಲೇ ಇನ್ನೊಂದು ತೋಳು ಬಂತು, ಹೆಬ್ಬೆರಳಿನಷ್ಟು ದಪ್ಪದ್ದು. ಚಿಕ್ಕಬಸಮ್ಮನ ಕಿತಾಪತಿ. "ಇದ್ಕೂ ದಾಕು ಯಾವಾಗ ಹಾಕಿಸ್ಬೇಕು ಹೇಳ್ಬುಟ್ಟು ಓಗಿ" ಎಂದಳು ಒಳಗಿನಿಂದ. ಅವರಿಗೂ ನಗು ತಡೆಯಲಾಗಲಿಲ್ಲ. ಮಜ್ಜಿಗೆ ಕುಡಿದು, ಮಗುವಿಗೆ ಆರು ತಿಂಗಳಾಗಲಿ ಎಂದು ಹೇಳಿ ಹೊರಟರು. ಶೆಡ್ಡಿನ ಮಾತೇ ಇಲ್ಲ. ಗೆದ್ದೆವು.

ಸಂಜೆ ಪುಟ್ಟಮಲ್ಲಪ್ಪ ತೋಟದಿಂದ ಬಂದು ಕೇಳಿದ. "ಬಂದಿದ್ದೋರು ಯಾರು ಬಾವ? ಡಾಕ್ಟ್ರಾ, ಇನ್‌ಸ್ಪೆಟ್ರಾ, ಅಮಲ್ದಾರ್ರ ಕಡೆಯೋರಾ? ತಲೆಗೇನು ಇಕ್ಕಿದ್ರು?"

"ನೋಡಲಿಲ್ಲ" ಎಂದೆ.

ಪುಟ್ಟಮಲ್ಲಪ್ಪ ಅಕ್ಕನ ಮುಖ ನೋಡಿದ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಆಮೇಲೆ ಕೋಣೆಯಿಂದ ಮೂವರು ಹೆಂಗಸರ ನಗು ಕೇಳಿಸಿತು. ಇದರಲ್ಲಿ ನಗುವಂಥದ್ದು ಏನಿದೆಯೋ ನನಗೆ ತಿಳಿಯಲಿಲ್ಲ. ಮಧ್ಯಾಹ್ನ ಬಂದವರು ಮಾತಾಡುತ್ತಿದ್ದಾಗ ಒಳಗೆ ಮಗು ಎರಡು ಸಲ ಸೀನಿತ್ತು, ನನ್ನ ಗಮನವೆಲ್ಲ ಆ ಕಡೆಗೇ ಇತ್ತು. ಶೀತವಾಗಿದೆಯೇನೋ, ಸಣ್ಣಮ್ಮನನ್ನು ಕೇಳಬೇಕು.